ಗ್ಯಾಸ್ ಗೀಸರ್ ಬಚ್ಚಲ ಹೊರಗಿರಲಿ: ಮನೆಯೊಳಗೆ ಕಾರ್ಬನ್ ಮಾನಾಕ್ಸೈಡ್ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ಬಗೆ

ಗ್ಯಾಸ್ ಗೀಸರ್ ನಿಮ್ಮ ಬಚ್ಚಲುಮನೆಯ ಒಳಗೋಡೆಯ ಮೇಲಿದ್ದರೆ ಮೊದಲು ಆಗಬೇಕಾದ್ದು ಒಂದೇ ಕೆಲಸ: ಅದನ್ನು ಬಿಚ್ಚಿಸಿ ಹೊರಗೆ ಹಾಕಿಸಿ. ಎಕ್ಸಾಸ್ಟ್ ಫ್ಯಾನ್, ಅಲಾರ್ಮ್, ವರ್ಷಕ್ಕೊಮ್ಮೆ ಸರ್ವಿಸ್ ಎಲ್ಲವೂ ಬೇಕು, ಆದರೆ ಅವೆಲ್ಲ ಆಮೇಲಿನ ಮಾತು. ಸ್ನಾನ ಮಾಡುವವರು ಉಸಿರಾಡುವ ಗಾಳಿಯನ್ನೇ ಬರ್ನರ್ ಕೂಡ ಎಳೆದುಕೊಳ್ಳುತ್ತಿರುವ ತನಕ ಆ ಬಚ್ಚಲು ಅಪಾಯದ ಜಾಗವೇ. ಗೀಸರ್ ಎಷ್ಟು ಹೊಸದಾಗಿರಲಿ, ಎಷ್ಟು ಒಳ್ಳೆ ಕಂಪನಿಯದಾಗಿರಲಿ, ಈ ಮಾತು ಬದಲಾಗುವುದಿಲ್ಲ.

ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲದ್ದರಿಂದ ಕೊಳೆತ ಕೋಸಿನಂಥ ನಾತ ಬರಲೆಂದೇ ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ. ಗ್ಯಾಸ್ ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ (ಚಿಕ್ಕದಾಗಿ ಸಿಒ) ಆ ಕಾವಲು ಇಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಮೊದಲು ಕೈಕೊಡುವುದು ಮೆದುಳು ಮತ್ತು ಕಾಲು. ‘ಏನೋ ಆಗುತ್ತಿದೆ, ಬಾಗಿಲು ತೆಗೆಯಬೇಕು’ ಅನ್ನಿಸುವ ಹೊತ್ತಿಗೆ ಚಿಲಕದವರೆಗೆ ನಡೆಯುವ ಶಕ್ತಿ ಉಳಿದಿರುವುದಿಲ್ಲ.

ಹತ್ತು ನಿಮಿಷದಲ್ಲಿ ಬಚ್ಚಲೊಳಗೆ ಏನಾಗುತ್ತದೆ

ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಸಾಮಾನ್ಯ ಗೀಸರ್ 10ರಿಂದ 12 ಕಿಲೋವಾಟ್‌ನಷ್ಟು ಗ್ಯಾಸ್ ಉರಿಸುತ್ತದೆ. ಅಡುಗೆ ಒಲೆಯ ಐದಾರು ಬರ್ನರ್‌ಗಳನ್ನು ಒಟ್ಟಿಗೆ ಜೋರಾಗಿ ಹಚ್ಚಿಟ್ಟ ಹಾಗೆ. ಐದಾರು ಬರ್ನರ್ ಹಚ್ಚಿ, ಕಿಟಕಿ ಮುಚ್ಚಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಯಾರೂ ನಿಲ್ಲುವುದಿಲ್ಲ. ಬಚ್ಚಲಲ್ಲಿ ಮಾತ್ರ ಅದಕ್ಕಿಂತ ಚಿಕ್ಕ ಜಾಗದಲ್ಲಿ ಅದನ್ನೇ ಮಾಡುತ್ತೇವೆ.

ಲೆಕ್ಕ ಹೀಗಿದೆ. ಇಷ್ಟು ಉರಿಗೆ ಗಂಟೆಗೆ 800ರಿಂದ 900 ಗ್ರಾಂ ಗ್ಯಾಸ್ ಬೇಕು. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಅಂದರೆ ಗೀಸರ್ ಗಂಟೆಗೆ 10 ಘನ ಮೀಟರಿಗೂ ಹೆಚ್ಚು ಗಾಳಿಯ ಆಮ್ಲಜನಕ ತಿನ್ನುತ್ತದೆ. 5 ಅಡಿ ಅಗಲ, 8 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ 10 ಘನ ಮೀಟರ್ ಗಾಳಿ. ಬಿಗಿಯಾಗಿ ಮುಚ್ಚಿದ ಬಚ್ಚಲಲ್ಲಿ ಹತ್ತು ನಿಮಿಷ ಗೀಸರ್ ಉರಿದರೆ ಗಾಳಿಯಲ್ಲಿ ಶೇ 21ರಷ್ಟಿದ್ದ ಆಮ್ಲಜನಕ ಶೇ 17–18ಕ್ಕೆ ಇಳಿಯುತ್ತದೆ. ಜೊತೆಗೆ ಉರಿದ ಅನಿಲವೂ ಆವಿಯೂ ಅಲ್ಲೇ ಸುತ್ತುತ್ತಿರುತ್ತವೆ, ಬರ್ನರ್ ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಕೆಟ್ಟ ಗಾಳಿಯಲ್ಲಿ ಉರಿಯುವ ಗ್ಯಾಸ್ ಇಂಗಾಲದ ಡೈಆಕ್ಸೈಡ್ ಆಗುವ ಬದಲು ಅರ್ಧದಲ್ಲೇ ನಿಂತು ಮಾನಾಕ್ಸೈಡ್ ಆಗುತ್ತದೆ. ಆದ್ದರಿಂದ ಮೊದಲ ಐದು ನಿಮಿಷದಲ್ಲಿ ಹುಟ್ಟಿದ್ದಕ್ಕಿಂತ ಎಷ್ಟೋ ಹೆಚ್ಚು ಸಿಒ ಕೊನೆಯ ಐದು ನಿಮಿಷದಲ್ಲಿ ಹುಟ್ಟುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಎರಡನೆಯವರಿಗೋ ಮೂರನೆಯವರಿಗೋ ತಲೆ ಸುತ್ತುವುದು ಇದಕ್ಕೇ.

ಸಿಒ ಪ್ರಮಾಣವನ್ನು ಪಿಪಿಎಂ ಲೆಕ್ಕದಲ್ಲಿ ಅಳೆಯುತ್ತಾರೆ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅಂತ. 200 ಪಿಪಿಎಂನಲ್ಲಿ ಎರಡು ಮೂರು ಗಂಟೆ ಕಳೆದರೆ ತಲೆನೋವು. 800ರಲ್ಲಿ ಮುಕ್ಕಾಲು ಗಂಟೆಗೆ ತಲೆಸುತ್ತು, ವಾಕರಿಕೆ. 3,200ರಲ್ಲಿ ಐದು ಹತ್ತು ನಿಮಿಷಕ್ಕೇ ತಲೆಸುತ್ತು, ಅರ್ಧ ಗಂಟೆಯಲ್ಲಿ ಜೀವಕ್ಕೆ ಸಂಚಕಾರ. ಮಕ್ಕಳು, ವಯಸ್ಸಾದವರು, ಹೃದಯದ ತೊಂದರೆ ಇರುವವರಿಗೆ ಇದಕ್ಕಿಂತ ಬೇಗ.

ಹಳೆಯ ಮಲೆನಾಡಿನ ಬಚ್ಚಲಲ್ಲೂ ಹಂಡೆಯ ಕೆಳಗೆ ಬೆಂಕಿ ಇರುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಇತ್ತು. ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿ ಹೊರಗಡೆಗಿತ್ತು, ಮೇಲೆ ನಾಡಹೆಂಚಿನ ಸಂದುಗಳಿದ್ದವು, ಗೋಡೆ ಮಾಡಿಗೆ ತಾಕದೆ ಗೇಣು ಜಾಗ ಬಿಟ್ಟಿರುತ್ತಿತ್ತು. ಹೊಗೆ ಹೆಚ್ಚಾದರೆ ಕಣ್ಣುರಿದು ಜನ ತಾವಾಗಿ ಹೊರಗೆ ಬರುತ್ತಿದ್ದರು. ಈಗಿನ ಆರ್‌ಸಿಸಿ ಮನೆಯ ಟೈಲ್ಸ್ ಹಾಕಿದ ಬಚ್ಚಲಲ್ಲಿ ಸಂದೂ ಇಲ್ಲ, ಹೊಗೆಯೂ ಇಲ್ಲ.

ಹೊರಗೆ ಎಂದರೆ ಎಲ್ಲಿ

ಅಪಾರ್ಟ್‌ಮೆಂಟಾದರೆ ಯುಟಿಲಿಟಿ ಅಥವಾ ಬಾಲ್ಕನಿ, ಸ್ವಂತ ಮನೆಯಾದರೆ ಬಚ್ಚಲ ಹೊರಗೋಡೆ. ಮಳೆ ನೇರವಾಗಿ ಬಡಿಯದ ಹಾಗೆ ಮೇಲೆ ಸಜ್ಜಾ ಇರಬೇಕು, ಮುಂದೆ ಮತ್ತು ಪಕ್ಕದಲ್ಲಿ ಬಯಲಿರಬೇಕು. ಇಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ.

ಒಂದು, ಯುಟಿಲಿಟಿಗೆ ಪೂರ್ತಿ ಗಾಜಿನ ಸ್ಲೈಡಿಂಗ್ ಕಿಟಕಿ ಹಾಕಿಸುವುದು. ಆಗ ಅದು ಹೊರಗಿನ ಜಾಗವಾಗಿ ಉಳಿಯುವುದಿಲ್ಲ, ಅಡುಗೆಮನೆಗೆ ಅಂಟಿಕೊಂಡ ಇನ್ನೊಂದು ಕೋಣೆಯಾಗುತ್ತದೆ. ಕಿಟಕಿ ಬೇಕೇ ಬೇಕೆಂದರೆ ಮುಚ್ಚಲು ಬಾರದ ಎರಡು ಜಾಲರಿ ಬಿಡಿಸಿ: ಕೆಳಗೆ ನೆಲದ ಹತ್ತಿರ ಒಂದು, ಸೂರಿನ ಕೆಳಗೆ ಒಂದು. ಕೆಳಗಿನದರಿಂದ ಹೊಸ ಗಾಳಿ ಬರುತ್ತದೆ, ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಹೊರಗೆ ಹರಿಯುವುದೂ ಅಲ್ಲಿಂದಲೇ. ಮೇಲಿನದು ಉರಿದ ಬಿಸಿ ಅನಿಲಕ್ಕೆ.

ಎರಡು, ಗೀಸರ್ ಕಾಣಬಾರದು ಎಂದು ಅದಕ್ಕೊಂದು ಪ್ಲೈವುಡ್ ಇಲ್ಲವೇ ಅಲ್ಯೂಮಿನಿಯಂ ಪೆಟ್ಟಿಗೆ ಮಾಡಿಸುವುದು. ದಯವಿಟ್ಟು ಬೇಡ. ಪೆಟ್ಟಿಗೆಯೊಳಗೆ ಗೀಸರ್ ತನ್ನ ಹೊಗೆಯನ್ನೇ ಉಸಿರಾಡುತ್ತದೆ.

ಮೂರು, ಡಕ್ಟಿಗೆ ಹೊಗೆ ಬಿಡುವುದು. ಬಚ್ಚಲುಗಳ ವೆಂಟಿಲೇಟರ್ ತೆರೆದುಕೊಳ್ಳುವ, ಪೈಪುಗಳು ಇಳಿಯುವ ಆ ಕಿರಿದಾದ ಬಾವಿಯಂಥ ಜಾಗಕ್ಕೆ ಗೀಸರಿನ ಕೊಳವೆ ಬಿಟ್ಟರೆ ಉರಿದ ಅನಿಲ ಮೇಲಿನ ಮನೆಯವರ ಬಚ್ಚಲಿಗೆ ಹೋಗುತ್ತದೆ. ಅವರ ಎಕ್ಸಾಸ್ಟ್ ಫ್ಯಾನ್ ಕೆಟ್ಟಿರಬಹುದು, ಅವರ ಮನೆಯಲ್ಲಿ ಕೂಸಿರಬಹುದು. ನಿಮ್ಮ ಮನೆಯಲ್ಲಿ ಯಾರಿಗೂ ಏನೂ ಆಗದೆ ಮೇಲಿನ ಮನೆಯವರಿಗೆ ತಲೆನೋವು ಬರುವುದು ಹೀಗೆ. ಅದೇ ಕಾರಣಕ್ಕೆ ಯಾವ ಕಿಟಕಿಯ ಕೆಳಗೂ ಗೀಸರ್ ಹಾಕಿಸಬೇಡಿ. ಪಕ್ಕಕ್ಕೆ ಮೂರಡಿಯಾದರೂ ಸರಿದಿರಲಿ.

‘ಹೊರಗೆ ಹಾಕಿದರೆ ನೀರು ಬರುವಷ್ಟರಲ್ಲಿ ತಣ್ಣಗಾಗುತ್ತೆ’ ಎಂಬ ಮಾತು ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿ. ಅರ್ಧ ಇಂಚಿನ ಸಿಪಿವಿಸಿ ಪೈಪು 20 ಅಡಿ ಎಳೆದರೆ ಅದರೊಳಗೆ ನಿಲ್ಲುವ ನೀರು ಮುಕ್ಕಾಲು ಲೀಟರ್. ನಿಮಿಷಕ್ಕೆ 6 ಲೀಟರ್ ಹರಿಯುವ ನಲ್ಲಿಯಲ್ಲಿ ಅದು ಏಳೆಂಟು ಸೆಕೆಂಡಿನ ಮಾತು, ಪೈಪು ಬಿಸಿಯಾಗಲು ಇನ್ನೊಂದಿಷ್ಟು. ಪೈಪಿಗೆ ಕಪ್ಪು ಫೋಮ್ ತೋಳು ಹೊದಿಸಿದರೆ ಇನ್ನೂ ಒಳ್ಳೆಯದು. ಬಿಸಿನೀರಿಗೆ ಮಾಮೂಲಿ ಬಿಳಿ ಪಿವಿಸಿ ಬೇಡ, ಮೆತ್ತಗಾಗಿ ಬಾಗುತ್ತದೆ, ಸಿಪಿವಿಸಿಯೇ ಇರಲಿ.

ಗ್ಯಾಸ್ ಕಡೆಯ ಕೆಲಸ: ಸಿಲಿಂಡರ್ ಕೂಡ ಹೊರಗೇ, ನಿಲ್ಲಿಸಿಯೇ. ರೆಗ್ಯುಲೇಟರಿನಿಂದ ಗೀಸರಿಗೆ ಐಎಸ್‌ಐ ಗುರುತಿನ ಸುರಕ್ಷಾ ಹೋಸ್, ಉದ್ದ ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಹೋಸನ್ನು ಗೋಡೆಯ ತೂತಿನೊಳಗೆ ತೂರಿಸಬೇಡಿ, ಎರಡು ತುಂಡು ಸೇರಿಸಬೇಡಿ, ಅಡುಗೆ ಒಲೆಯ ಹೋಸಿಗೆ ‘ಟೀ’ ಹಾಕಿ ಗೀಸರಿಗೆ ಕೊಡಬೇಡಿ. ದೂರ ಹೆಚ್ಚಿದ್ದರೆ ಗ್ಯಾಸ್ ಏಜೆನ್ಸಿಯವರಿಂದ ತಾಮ್ರದ ಪೈಪು ಹಾಕಿಸಿ. ಕೊನೆಗೆ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ಒಂದು ನಿಮಿಷ ನೋಡಬೇಕು. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಇನ್ನೂ ಇದೆ, ಅದನ್ನು ಮಾಡಗೊಡಬೇಡಿ.

ಹೊಸ ಗೀಸರ್ ಕೊಳ್ಳುವುದಾದರೆ ಐಎಸ್ 15558 ಸಂಖ್ಯೆಯ ಐಎಸ್‌ಐ ಗುರುತು ನೋಡಿ ಕೊಳ್ಳಿ. ಎಲ್‌ಪಿಜಿಗೋ ಪೈಪ್ ಗ್ಯಾಸಿಗೋ ಎಂದು ಹೇಳಿಯೇ ತನ್ನಿ. ಪೈಪಿನಲ್ಲಿ ಬರುವುದು ಮೀಥೇನ್. ಅದರ ಜೆಟ್ಟಿನ, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ಮೂತಿಯ, ತೂತು ದೊಡ್ಡದು. ಆ ಜೆಟ್ ಇರುವ ಗೀಸರಿಗೆ ಎಲ್‌ಪಿಜಿ ಕೊಟ್ಟರೆ ಗ್ಯಾಸ್ ಮಿತಿ ಮೀರಿ ನುಗ್ಗಿ, ಉರಿ ಹಳದಿಯಾಗಿ, ಮಸಿಯೂ ಸಿಒವೂ ಧಾರಾಳವಾಗಿ ಬರುತ್ತವೆ. ಬೆಂಗಳೂರಿನಲ್ಲಿ ಪೈಪ್ ಗ್ಯಾಸ್ ಇರುವ ಮನೆಯಿಂದ ಸಿಲಿಂಡರ್ ಇರುವ ಮನೆಗೆ ಹೋಗುವವರು ಒಲೆಯನ್ನೂ ಗೀಸರನ್ನೂ ಹಾಗೇ ಎತ್ತಿಕೊಂಡು ಹೋಗಿ ಹಚ್ಚಬಾರದು. ಜೆಟ್ ಬದಲಿಸಿಯೇ ಹಚ್ಚಬೇಕು.

ಮನೆಗೆ ಬಾಲ್ಕನಿಯೂ ಇಲ್ಲ, ಹೊರಗೋಡೆಯೂ ಇಲ್ಲ, ಬಚ್ಚಲ ಕಿಟಕಿ ಡಕ್ಟಿಗೆ ತೆರೆಯುತ್ತದೆ ಎಂದಾದರೆ ಆ ಮನೆಗೆ ಗ್ಯಾಸ್ ಗೀಸರ್ ಹೊಂದುವುದಿಲ್ಲ. 15 ಲೀಟರಿನ 2 ಕಿಲೋವಾಟ್ ಕರೆಂಟ್ ಗೀಸರ್ ಹಾಕಿಸಿ. ತಿಂಗಳ ಬಿಲ್ಲಿನ ವ್ಯತ್ಯಾಸ ನೋಡಿ ಇಲ್ಲಿ ಹಿಂದೆ ಮುಂದೆ ನೋಡಬೇಡಿ.

ಬಾಡಿಗೆ ಮನೆ, ಓನರ್ ಒಪ್ಪುತ್ತಿಲ್ಲ, ಗೀಸರ್ ಒಳಗೇ ಇದೆ

ಓನರಿಗೆ ಬರಹದಲ್ಲಿ ತಿಳಿಸಿ, ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ. ಗೀಸರ್ ಹೊರಗೆ ಹೋಗುವ ತನಕ ಒಂದು ನಿಯಮ ಮನೆಯವರೆಲ್ಲ ಪಾಲಿಸಿ: ಗೀಸರ್ ಉರಿಯುವಾಗ ಬಚ್ಚಲಲ್ಲಿ ಯಾರೂ ಇರಬಾರದು, ಯಾರಾದರೂ ಒಳಗಿರುವಾಗ ಗೀಸರ್ ಉರಿಯಬಾರದು.

1. ಬಾಗಿಲು, ವೆಂಟಿಲೇಟರ್ ಪೂರ್ತಿ ತೆಗೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ.
2. ಎರಡು 20 ಲೀಟರಿನ ಬಕೆಟ್ ಇಟ್ಟು ನಲ್ಲಿ ತಿರುಗಿಸಿ ಹೊರಗೆ ನಿಲ್ಲಿ. ತುಂಬಲು ಏಳು ನಿಮಿಷ ಹಿಡಿಯುತ್ತದೆ.
3. ನಲ್ಲಿ ಮುಚ್ಚಿ, ಗೀಸರ್ ಸ್ವಿಚ್ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ.
4. ಬಾಗಿಲು ತೆಗೆದಿಟ್ಟೇ ಇನ್ನೂ ಹತ್ತು ನಿಮಿಷ ಫ್ಯಾನ್ ಓಡಲಿ. ನೀರು ಆರದಂತೆ ಬಕೆಟ್ಟಿನ ಮೇಲೆ ತಟ್ಟೆ ಮುಚ್ಚಿ.
5. ಆಮೇಲೆ ಸ್ನಾನ. ನೀರು ಸಾಲದೆ ಹೋದರೆ ಹೊರಗೆ ಬಂದು ಮೊದಲಿನಿಂದ ಮಾಡಿ. ಒಳಗೆ ನಿಂತು ‘ಒಂದೇ ಒಂದು ಚೊಂಬಿಗೆ’ ಎಂದು ನಲ್ಲಿ ತಿರುಗಿಸಬೇಡಿ.

ಷವರ್ ಕೆಳಗೆ ನಿಂತು ಸ್ನಾನ ಈ ಕ್ರಮದಲ್ಲಿ ಆಗುವುದಿಲ್ಲ. ಅಷ್ಟು ದಿನ ಬಿಡಬೇಕು.

ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕಲ್ಲವೇ ಎಂದರೆ, ಸಾಲದು. ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಫ್ಯಾನ್ ಎಳೆದಷ್ಟು ಗಾಳಿ ಒಳಗೆ ಬರಲು ದಾರಿಯೇ ಇರುವುದಿಲ್ಲ, ರೆಕ್ಕೆ ಸುಮ್ಮನೆ ತಿರುಗುತ್ತದೆ. ಬಾಗಿಲ ಕೆಳಗೆ ಎರಡು ಇಂಚು ಕತ್ತರಿಸಬೇಕು ಇಲ್ಲವೇ ಕೆಳಭಾಗಕ್ಕೆ ಜಾಲರಿ ಹಾಕಿಸಬೇಕು. ಇನ್ನು, ಹೊಗೆಕೊಳವೆ ಇರುವ ಗೀಸರ್ ಒಳಗಿದ್ದು, ಗಾಳಿ ಬರುವ ದಾರಿ ಮುಚ್ಚಿದ್ದರೆ ಅದೇ ಎಕ್ಸಾಸ್ಟ್ ಫ್ಯಾನ್ ಕೊಳವೆಯಿಂದ ಹೊರಗೆ ಹೋಗಬೇಕಾದ ಹೊಗೆಯನ್ನು ಹಿಂದಕ್ಕೆ ಎಳೆದು ಕೋಣೆಗೆ ತುಂಬುತ್ತದೆ. ಅಡುಗೆಮನೆಯ ಜೋರಾದ ಚಿಮಣಿಯೂ ಪಕ್ಕದ ಯುಟಿಲಿಟಿಯ ಗೀಸರಿನ ಹೊಗೆಯನ್ನು ಹೀಗೆ ಎಳೆಯಬಲ್ಲದು.

ನಮ್ಮ ಕಡೆಯ ವೆಂಟಿಲೇಟರ್‌ಗಳ ಪಾಡು ಹತ್ತಿರದಿಂದ ನೋಡಿ. ಮಾಘದ ಚಳಿಗೆಂದು ಯಾವಾಗಲೋ ಒಂದು ಪ್ಲಾಸ್ಟಿಕ್ ಹಾಳೆ ಹೊಡೆದಿರುತ್ತಾರೆ, ಜಿರಲೆ ಬರುತ್ತದೆಂದು ಸಣ್ಣ ಕಣ್ಣಿನ ಸೊಳ್ಳೆ ಪರದೆ ಅಂಟಿಸಿರುತ್ತಾರೆ, ಪರದೆಯ ಕಣ್ಣುಗಳನ್ನು ಧೂಳು ಮತ್ತು ಆವಿ ಸೇರಿ ಮೆತ್ತಿ ಹಾಕಿರುತ್ತದೆ. ಬೆಳಕು ಬರುತ್ತದೆ, ಆದ್ದರಿಂದ ಗಾಳಿಯೂ ಬರುತ್ತದೆ ಎಂದುಕೊಳ್ಳುತ್ತೇವೆ. ಒಂದು ಊದುಬತ್ತಿ ಹಚ್ಚಿ ಅದರ ಮುಂದೆ ಹಿಡಿದರೆ ಗೊತ್ತಾಗುತ್ತದೆ: ಹೊಗೆ ಯಾವ ಕಡೆಗೂ ಬಾಗದೆ ನೇರ ಮೇಲೇರಿದರೆ ಆ ವೆಂಟಿಲೇಟರ್ ಇದ್ದೂ ಇಲ್ಲ. ಗ್ಯಾಸ್ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಇದನ್ನು ಮಾಡಿ.

ಬಾಗಿಲ ಬಗ್ಗೆ ಒಂದು ಮಾತು. ಒಳಕ್ಕೆ ತೆರೆಯುವ ಬಾಗಿಲ ಹಿಂದೆ ಯಾರಾದರೂ ಕುಸಿದು ಬಿದ್ದರೆ ಹೊರಗಿನಿಂದ ತಳ್ಳಲಾಗುವುದಿಲ್ಲ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಮಾಡಿಸಿ, ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿ ತೆಗೆಯಬಹುದಾದ ಲಾಕ್ ಹಾಕಿಸಿ. ಮನೆಯಲ್ಲಿ ವಯಸ್ಸಾದವರಿದ್ದರೆ ಗ್ಯಾಸಿನ ಮಾತು ಬಿಟ್ಟರೂ ಇದು ಬೇಕೇ ಬೇಕು.

ಬಾಣಂತಿ ಮತ್ತು ಕೂಸು

ಬಾಣಂತನದ ಮನೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಬಾಣಂತಿಗೆ ಗಾಳಿ ತಾಗಬಾರದೆಂದು ಬಚ್ಚಲ ಕಿಂಡಿಯೆಲ್ಲ ಮುಚ್ಚಿ, ಎಣ್ಣೆ ಹಚ್ಚಿ, ಮುಕ್ಕಾಲು ಗಂಟೆ ಸುಡುಸುಡು ನೀರು ಹುಯ್ಯುತ್ತಾರೆ. ಜೊತೆಗೆ ಕೂಸಿನ ಸ್ನಾನವೂ ಅಲ್ಲೇ. ಹಂಡೆಯ ಕಾಲದ ಈ ಪದ್ಧತಿಯನ್ನು ಒಳಗೆ ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ ಮಾಡಿದರೆ ಅಪಾಯಕ್ಕೆ ಬೇಕಾದ ಎಲ್ಲವೂ ಒಂದೇ ಕಡೆ ಕೂಡುತ್ತವೆ: ಮುಚ್ಚಿದ ಕೋಣೆ, ನಿಲ್ಲದೆ ಉರಿಯುವ ಗೀಸರ್, ನಿತ್ರಾಣದ ಮೈ, ಪುಟ್ಟ ಶ್ವಾಸಕೋಶ. ಗರ್ಭದಲ್ಲಿರುವ ಮಗುವಿನ ರಕ್ತ ತಾಯಿಯ ರಕ್ತಕ್ಕಿಂತ ಬಿಗಿಯಾಗಿ ಸಿಒ ಹಿಡಿದಿಟ್ಟುಕೊಳ್ಳುತ್ತದೆ, ಬಿಡುವುದೂ ನಿಧಾನ. ಆದ್ದರಿಂದ ಬಸುರಿಯರೂ ಅಂಥ ಬಚ್ಚಲಿಗೆ ಹೋಗಬಾರದು. ಬೇರೆ ಕಡೆ ಕಾಯಿಸಿದ ನೀರನ್ನು ಬಕೆಟ್ಟಿನಲ್ಲಿ ತಂದು ಸ್ನಾನ ಮಾಡಿಸಿ.

ಸ್ನಾನದ ನಂತರ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡುವುದು, ಮಂಚದ ಕೆಳಗೆ ಕೆಂಡ ಇಡುವುದು ಕೂಡ ಇದೇ ವಿಷವನ್ನು ಕೊಡುತ್ತದೆ. ಹೊಗೆ ಇಲ್ಲದ ಕೆಂಪು ಕೆಂಡ ಸಿಒ ಉಗುಳುವುದರಲ್ಲಿ ಗೀಸರಿಗಿಂತ ಮುಂದು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದನ್ನು ಅಜ್ಜಿಯರಿಗೆ ನೋವಾಗದ ಹಾಗೆ, ಆದರೆ ಗಟ್ಟಿಯಾಗಿ ಹೇಳಿ ನಿಲ್ಲಿಸಬೇಕು. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ರಾತ್ರಿ ಚಳಿಗೆ ಕೋಣೆಯೊಳಗೆ ಇದ್ದಿಲ ಒಲೆ ತಂದಿಟ್ಟುಕೊಳ್ಳುವವರಿಗೂ ಇದೇ ಮಾತು.

ಗೀಸರಿನ ಮುಖ ನೋಡಿ ತಿಳಿಯುವುದು

ಹೊರಗೆ ಹಾಕಿದ ಮೇಲೂ ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಸರ್ವಿಸ್ ಮಾಡಿಸಿ. ಅದಕ್ಕಿಂತ ಮುಂಚೆ ನೀವೇ ನೋಡಬಹುದಾದದ್ದು ಸಾಕಷ್ಟಿದೆ. ಸಂಜೆ ಕತ್ತಲಾದ ಮೇಲೆ ಲೈಟ್ ಆರಿಸಿ, ನಲ್ಲಿ ತಿರುಗಿಸಿ, ಗೀಸರ್ ಮುಂಭಾಗದ ಸಣ್ಣ ಕಿಂಡಿಯಲ್ಲಿ ಇಣುಕಿ. ಉರಿ ಸಾಲಾಗಿ, ಗಿಡ್ಡಕ್ಕೆ, ನೀಲಿಯಾಗಿ, ನೆಟ್ಟಗೆ ನಿಂತಿರಬೇಕು. ಆಗಾಗ ಕಿತ್ತಳೆ ಕಿಡಿ ಹಾರಿದರೆ ಅದು ಧೂಳು, ಹೆದರಬೇಡಿ. ಉರಿಯ ತುದಿ ಉದ್ದಕ್ಕೆ ಹಳದಿಯಾಗಿ ತೂಗಾಡುತ್ತಿದ್ದರೆ, ಮುಂದಕ್ಕೆ ನಾಲಿಗೆ ಚಾಚುತ್ತಿದ್ದರೆ, ಅಂದೇ ಬಂದ್ ಮಾಡಿ. ಆಮೇಲೆ ಗೀಸರಿನ ಮೇಲ್ತುದಿಯ ಸೀಳುಗಳ ಬಳಿ ಬಿಳಿ ಬಟ್ಟೆ ಒರೆಸಿ ನೋಡಿ. ಕಾಡಿಗೆಯಂತೆ ಮಸಿ ಅಂಟಿದರೆ, ಗೋಡೆಯ ಮೇಲೆ ಕಪ್ಪು ನೆರಳು ಎದ್ದಿದ್ದರೆ, ಒಳಗೆ ಗ್ಯಾಸ್ ಅರೆಬರೆ ಉರಿಯುತ್ತಿದೆ. ಮಸಿ ಇಲ್ಲದಿದ್ದರೆ ಸಿಒ ಇಲ್ಲ ಎಂದು ಮಾತ್ರ ತಿಳಿಯಬೇಡಿ. ನೀಲಿ ಉರಿಯೂ ಕೆಟ್ಟ ಗಾಳಿಯಲ್ಲಿ ಸಿಒ ಕೊಡುತ್ತದೆ.

ಮಸಿ ಕಟ್ಟುವುದಕ್ಕೆ ಸಾಮಾನ್ಯ ಕಾರಣ ಬರ್ನರಿನ ಗಾಳಿ ಬಾಯಿಯಲ್ಲಿ ಧೂಳು, ಜೇಡರ ಬಲೆ. ಗಾಳಿ ಕಡಿಮೆಯಾಗಿ ಮಸಿ ಹುಟ್ಟುತ್ತದೆ. ಆ ಮಸಿ ಮೇಲೆ ನೀರು ಕಾಯಿಸುವ ತಾಮ್ರದ ರೆಕ್ಕೆಗಳ ಸಂದಿನಲ್ಲಿ ಕೂತು ಹೊಗೆಯ ದಾರಿ ಕಟ್ಟುತ್ತದೆ. ದಾರಿ ಕಟ್ಟಿದಷ್ಟೂ ಗಾಳಿ ಇನ್ನೂ ಕಡಿಮೆ. ಬೇಸಿಗೆಯಲ್ಲಿ ಸರಿಯಿದ್ದ ಗೀಸರ್ ಡಿಸೆಂಬರಿನಲ್ಲಿ ದಿನಕ್ಕೆ ಆರು ಸ್ನಾನ ಆಗುವಾಗ ಒಂದೇ ತಿಂಗಳಲ್ಲಿ ಕೆಡುವುದು ಈ ಸುತ್ತಿನಿಂದ.

ಮೆಕ್ಯಾನಿಕ್ ಬಂದಾಗ ಪಕ್ಕದಲ್ಲೇ ನಿಲ್ಲಿ. ಮುಂದಿನ ಕವರ್ ಬಿಚ್ಚಿ, ಬರ್ನರ್ ಹೊರತೆಗೆದು ಬ್ರಷ್ ಮತ್ತು ಗಾಳಿಯಿಂದ ಶುಚಿ ಮಾಡಬೇಕು, ರೆಕ್ಕೆಗಳ ನಡುವೆ ಬೆಳಕು ಹಾಯುವವರೆಗೆ ಉಜ್ಜಬೇಕು. ಜೆಟ್ಟಿನ ತೂತಿಗೆ ಸೂಜಿ, ಡ್ರಿಲ್ ಹಾಕಲು ಬಿಡಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಹೆಚ್ಚಿ ಉರಿ ಹಳದಿಗೆ ತಿರುಗುತ್ತದೆ. ಜೆಟ್ ಕಟ್ಟಿದ್ದರೆ ಹೊಸದು ಹಾಕುವುದೇ ಸರಿ. ಬರೀ ಸೆಲ್ ಬದಲಿಸಿ, ಹೊರಗೆ ಒರೆಸಿ ಹೋದರೆ ಅದು ಸರ್ವಿಸ್ ಅಲ್ಲ.

ಕೆಲವು ಗೀಸರ್‌ಗಳಲ್ಲಿ 20 ನಿಮಿಷಕ್ಕೆ ತಾನಾಗಿ ಆರುವ ಟೈಮರ್ ಇರುತ್ತದೆ. ಅದು ಗಡಿಯಾರವಷ್ಟೇ, ಗಾಳಿಯನ್ನು ಅಳೆಯುವುದಿಲ್ಲ; ನಲ್ಲಿ ಮುಚ್ಚಿ ತೆಗೆದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಾದರೆ ಆರುವ ಸೆನ್ಸರ್ ಇದ್ದರೆ ಒಳ್ಳೆಯದು, ಆದರೆ ಅದೂ ನೋಡುವುದು ಆಮ್ಲಜನಕವನ್ನು. ಮಸಿ ಹಿಡಿದ ಬರ್ನರ್ ಆಮ್ಲಜನಕ ಸರಿಯಿರುವಾಗಲೇ ಸಿಒ ಕೊಡಬಲ್ಲದು.

ಅಡುಗೆ ಒಲೆಯಿಂದ ಅಪಾಯ ಕಡಿಮೆ, ಕೋಣೆ ದೊಡ್ಡದು, ಉರಿ ಚಿಕ್ಕದು. ಆದರೂ ಕಿಟಕಿ ಒಂದು ತೆಗೆದಿರಲಿ. ಬರ್ನರ್ ಸುತ್ತ ಫಾಯಿಲ್ ಸುತ್ತುವುದು, ಗ್ಯಾಸ್ ಉಳಿಸುವ ಬಳೆ ಎಂದು ಉರಿಯನ್ನು ಸುತ್ತುಗಟ್ಟುವುದು, ಉರಿಯ ಬುಡಕ್ಕೇ ಪಾತ್ರೆ ಒತ್ತಿಡುವುದು ಇವೆಲ್ಲ ಗಾಳಿಯ ದಾರಿ ಕಟ್ಟುತ್ತವೆ. ಕೊಳವೆ ಇಲ್ಲದ ಚಿಮಣಿ ಎಣ್ಣೆ ಜಿಡ್ಡು ಹಿಡಿಯುತ್ತದೆ, ಸಿಒವನ್ನು ಹಾಗೇ ಮನೆಯೊಳಗೆ ಬಿಡುತ್ತದೆ. ಚಳಿ ಕಾಯಲು ಒಲೆ ಹಚ್ಚಿಟ್ಟು ಕೂರಬೇಡಿ.

ಅಲಾರ್ಮ್

ಅಂಗಡಿಯಲ್ಲಿ ‘ಗ್ಯಾಸ್ ಡಿಟೆಕ್ಟರ್’ ಎಂದು ಕೇಳಿದರೆ ಕೊಡುವುದು ಎಲ್‌ಪಿಜಿ ಸೋರಿಕೆಯ ಅಲಾರ್ಮ್. ಅದು ಸಿಒವನ್ನು ಗುರುತಿಸುವುದಿಲ್ಲ. ‘ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್’ ಎಂದೇ ಕೇಳಿ, ಡಬ್ಬಿಯ ಮೇಲೆ ಇಎನ್ 50291 ಅಥವಾ ಯುಎಲ್ 2034 ಎಂಬ ಮಾನದಂಡದ ಸಂಖ್ಯೆ ಇದೆಯೇ ನೋಡಿ. ಇಎನ್ 50291 ಪ್ರಕಾರ 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷದೊಳಗೆ, 100 ಇದ್ದರೆ 10ರಿಂದ 40 ನಿಮಿಷದೊಳಗೆ, 300 ಇದ್ದರೆ ಮೂರು ನಿಮಿಷದೊಳಗೆ ಅದು ಕೂಗಬೇಕು. ಅಂಕಿ ತೋರಿಸುವ ಪರದೆ ಇರುವುದನ್ನು ಕೊಂಡರೆ ಇನ್ನೂ ಉಪಯೋಗ.

ಬಚ್ಚಲ ಒಳಗೆ ಹಾಕಬೇಡಿ, ಆವಿಗೆ ಸೆನ್ಸರ್ ಹಾಳಾಗುತ್ತದೆ. ಬಚ್ಚಲಿಗೆ ಅಂಟಿದ ಮಲಗುವ ಕೋಣೆಯಲ್ಲಿ, ಮಲಗಿದವರ ತಲೆಯ ಎತ್ತರದಲ್ಲಿ ಒಂದು. ಯುಟಿಲಿಟಿಯ ಗೀಸರಿನಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿ ಇನ್ನೊಂದು. ಸಿಒ ಗಾಳಿಯಷ್ಟೇ ತೂಕದ್ದು, ಎಲ್ಲ ಕಡೆ ಬೆರೆಯುತ್ತದೆ; ಎಲ್‌ಪಿಜಿ ಅಲಾರ್ಮಿನಂತೆ ನೆಲದ ಹತ್ತಿರ ಹಾಕಬೇಕಿಲ್ಲ. ಪರದೆಯ ಹಿಂದೆ, ಫ್ಯಾನಿನ ಗಾಳಿಗೆ ನೇರವಾಗಿ, ಒಲೆಯ ಮೇಲೆ ಬೇಡ. ಟೆಸ್ಟ್ ಬಟನ್ ಒತ್ತಿದರೆ ಗೊತ್ತಾಗುವುದು ಸೈರನ್ ಮತ್ತು ಬ್ಯಾಟರಿ ಸರಿಯಿದೆಯೆಂದು ಮಾತ್ರ. ಸೆನ್ಸರಿಗೆ ಏಳರಿಂದ ಹತ್ತು ವರ್ಷ ಆಯಸ್ಸು. ಹಿಂಬದಿಯಲ್ಲಿ ಬದಲಿಸಬೇಕಾದ ವರ್ಷ ಬರೆದಿರುತ್ತದೆ.

ಯಾರಾದರೂ ಕುಸಿದರೆ

ವೈದ್ಯರ ಬರಹಗಳಲ್ಲಿ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರೇ ಬಿದ್ದಿದೆ: ಸ್ನಾನದ ಕೋಣೆಯಲ್ಲಿ ಎಚ್ಚರ ತಪ್ಪುವುದು, ಫಿಟ್ಸ್ ಬರುವುದು, ಎದ್ದ ಮೇಲೆ ಏನಾಯಿತೆಂದು ನೆನಪಿಲ್ಲದಿರುವುದು. ಇದನ್ನು ಮೂರ್ಛೆರೋಗ, ಬಿಪಿ, ‘ನೀರು ತುಂಬಾ ಬಿಸಿ ಇತ್ತು’ ಎಂದು ತಿಳಿದು ಸುಮ್ಮನಾಗುತ್ತಾರೆ. ಸ್ನಾನ ಮುಗಿಸಿದ ಮೇಲೆ ತಲೆನೋವು, ವಾಕರಿಕೆ ಬಂದು ಹೊರಗೆ ಓಡಾಡಿದರೆ ಸರಿಹೋಗುತ್ತಿದ್ದರೆ, ಮನೆಯಲ್ಲಿ ಇಬ್ಬರಿಗೆ ಹಾಗಾಗುತ್ತಿದ್ದರೆ, ಗೀಸರನ್ನೇ ಮೊದಲು ಅನುಮಾನಿಸಿ.

ಬಾಗಿಲು ತಟ್ಟಿದರೂ ಉತ್ತರ ಬಾರದಿದ್ದರೆ ಕಾಯಬೇಡಿ, ಒಡೆಯಿರಿ. ಒಳಗೆ ನುಗ್ಗುವ ಮುಂಚೆ ಹೊರಗಿನ ಗಾಳಿ ಎದೆತುಂಬ ಎಳೆದುಕೊಂಡು, ಉಸಿರು ಹಿಡಿದು ಹೋಗಿ. ಮೊದಲು ವ್ಯಕ್ತಿಯನ್ನು ಹೊರಗೆ ಎಳೆಯಿರಿ. ಕೈಗೆ ಸಿಕ್ಕರೆ ನಲ್ಲಿ ಮುಚ್ಚಿ, ನೀರು ನಿಂತರೆ ಗೀಸರ್ ಆರುತ್ತದೆ. ಒಳಗೆ ಕೂತು ಎಬ್ಬಿಸಲು ಹೋಗಬೇಡಿ, ಕಾಪಾಡಲು ಹೋದವರೂ ಅಲ್ಲೇ ಬೀಳುತ್ತಾರೆ. ಬಯಲಿಗೆ ಅಥವಾ ತೆರೆದ ಕಿಟಕಿಯ ಬಳಿಗೆ ತಂದು 108ಕ್ಕೆ ಕರೆ ಮಾಡಿಸಿ. ಉಸಿರಾಟ ಇದ್ದರೆ ಮಗ್ಗುಲಾಗಿ ಮಲಗಿಸಿ, ಇಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ. ಬಾಯಿಗೆ ನೀರು ಬೇಡ, ಮೂಗಿಗೆ ಈರುಳ್ಳಿ ಬೇಡ, ಕೈಗೆ ಕಬ್ಬಿಣ ಕೊಡುತ್ತಾ ಹೊತ್ತು ಕಳೆಯುವುದು ಬೇಡ. ಗ್ಯಾಸ್ ವಾಸನೆಯೂ ಇದ್ದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೂ ಹೇಳಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಸಿಒ ಹಿಡಿದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕ ಹಿಡಿದದ್ದೆಂದೇ ಓದಿ 98 ತೋರಿಸುತ್ತದೆ. ಆ ಅಂಕಿ ನೋಡಿ ಆಸ್ಪತ್ರೆ ತಪ್ಪಿಸಬೇಡಿ. ತುರ್ತು ವಿಭಾಗದಲ್ಲಿ ಮೊದಲ ಮಾತಾಗಿ ಹೇಳಬೇಕಾದ್ದು: ‘ಗ್ಯಾಸ್ ಗೀಸರ್ ಉರಿಯುವಾಗ ಮುಚ್ಚಿದ ಬಚ್ಚಲಲ್ಲಿ ಇಷ್ಟು ಹೊತ್ತು ಇದ್ದರು, ಕಾರ್ಬಾಕ್ಸಿ ಹಿಮೋಗ್ಲೋಬಿನ್ ನೋಡಿ.’ ಸಿಒ ಹಿಡಿದ ಹಿಮೋಗ್ಲೋಬಿನ್ ರಕ್ತದಲ್ಲಿ ಎಷ್ಟಿದೆ ಎಂದು ಹೇಳುವ ಪರೀಕ್ಷೆ ಅದು. ಚಿಕಿತ್ಸೆ ಮಾಸ್ಕಿನಲ್ಲಿ ಶೇ 100ರ ಆಮ್ಲಜನಕ. ಬರೀ ಗಾಳಿಯಲ್ಲಿ ರಕ್ತದ ಸಿಒ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಪೂರ್ತಿ ಆಮ್ಲಜನಕದಲ್ಲಿ ಒಂದರಿಂದ ಒಂದೂವರೆ ಗಂಟೆ ಸಾಕು.

ಚೇತರಿಸಿಕೊಂಡು ಮನೆಗೆ ಬಂದವರಲ್ಲಿ ಕೆಲವರಿಗೆ ಕೆಲವು ದಿನ, ವಾರಗಳ ನಂತರ ಮರೆವು, ನಡಿಗೆಯಲ್ಲಿ ತಡವರಿಕೆ, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುವುದುಂಟು. ಒಂದೂವರೆ ತಿಂಗಳವರೆಗೆ ಗಮನಿಸುತ್ತಿರಿ, ಏನಾದರೂ ಕಂಡರೆ ನರರೋಗ ತಜ್ಞರ ಹತ್ತಿರ ಆಸ್ಪತ್ರೆಯ ಕಾಗದಗಳೊಂದಿಗೆ ಹೋಗಿ. ಒಬ್ಬರು ಕುಸಿದ ದಿನವೇ ಮನೆಯಲ್ಲಿದ್ದ ಉಳಿದವರ ರಕ್ತವನ್ನೂ ಪರೀಕ್ಷೆ ಮಾಡಿಸಿ, ಬಚ್ಚಲಿಗೆ ಅಂಟಿದ ಕೋಣೆಯಲ್ಲಿ ಮಲಗಿದ್ದವರದ್ದಂತೂ ತಪ್ಪದೆ.